ಮಲಗಿಸಿ ಬಣ್ಣ ಹಚ್ಚಿದ ಬಂಡೆ

ಮಾರ್ಚ್ 4, ಮಂಗಳವಾರ

ಬಂದಿದ್ದೇನೆ. ಹದಿನಾಲ್ಕು ದಿನ ಇದ್ದು ಹೊರಟುಬಿಡುತ್ತೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ತಮ್ಮನಿಗೆ ನಿನ್ನೆ ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರಬೇಕಾದ ಪರದೆ ಕಳಚಿಕೊಂಡಿತ್ತಂತೆ. ಅದನ್ನು ಮತ್ತೆ ಕೂರಿಸಿ, ಒತ್ತಿ ಹಿಡಿಯಲೆಂದು ಒಳಗೆ ಒಂದು ಅನಿಲದ ಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುವುದು. ಹಾಗಾಗಿ ಇವನ ಮುಖ ನೆಲ ನೋಡುತ್ತಿದ್ದರೆ ಮಾತ್ರ ಅದು ಹಿಂದಿನ ಪರದೆಗೆ ತಾಗಿ ನಿಲ್ಲುತ್ತದೆ. ಊಟ, ನಿದ್ದೆ, ಮಾತು ಎಲ್ಲವೂ ಮುಖ ಕೆಳಗೆ ಮಾಡಿಕೊಂಡೇ, ಎರಡು ವಾರ. ತಲೆ ಎತ್ತಿದರೆ ಪರದೆ ಮತ್ತೆ ಕಳಚಬಹುದು. ಆಗ ಆ ಕಣ್ಣು ಹೋದಂತೆಯೇ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಬಲಗಣ್ಣು ಚಿಕ್ಕಂದಿನಿಂದಲೂ ಸೋಮಾರಿ. ಅದಕ್ಕೆ ಬಣ್ಣ, ಆಕಾರ ತಿಳಿಯುತ್ತದೆ, ಗೆರೆ ತಿಳಿಯುವುದಿಲ್ಲ. ಕಟ್ಟಡಗಳ ನಕ್ಷೆ ಬರೆದು ಬದುಕುವವನಿಗೆ ಗೆರೆ ಕಾಣದಿದ್ದರೆ ಏನು ಉಳಿಯಿತು?

ತಮ್ಮನ ಹೆಂಡತಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ರಜೆ ಸಿಕ್ಕಿದ್ದು ಎರಡೇ ದಿನ. ಫೋನಿನಲ್ಲಿ ಹೇಳಿದಳು: "ಅತ್ತಿಗೆ, ಇವರು ನನ್ನ ಮಾತು ಕೇಳಲ್ಲ. ನಿಮ್ಮ ಮಾತು ಕೇಳ್ತಾರೆ ಅಂತಲ್ಲ, ನಿಮಗೆ ಹೆದರ್ತಾರೆ."

ಹೆದರಲಿ. ನಾಲ್ಕು ವರ್ಷದಿಂದ ನಾವಿಬ್ಬರೂ ಮಾತಾಡಿದ್ದನ್ನು ಒಟ್ಟು ಸೇರಿಸಿದರೆ ಒಂದು ಅಂಚೆ ಕಾರ್ಡು ತುಂಬುವುದಿಲ್ಲ. ಕರಡು ತಿದ್ದುವ ಕೆಲಸ ಎಲ್ಲಿ ಕೂತರೂ ಆಗುತ್ತದೆ, ಕಟ್ಟು ತಂದಿದ್ದೇನೆ. ಎರಡು ಕವನ ಸಂಕಲನಗಳನ್ನೂ ತಂದಿದ್ದೇನೆ. ಎರಡು ವಾರಕ್ಕೆ ಅಷ್ಟು ಸಾಕು.


ಮಾರ್ಚ್ 5, ಬುಧವಾರ

ಅವನು ಮಲಗಿರುವ ಬೆಂಚು ಅವನೇ ಮಾಡಿಕೊಂಡದ್ದು. ತುದಿಯಲ್ಲಿ ಮುಖ ತೂರಿಸಲು ತೂತು. ಸುತ್ತ ಕುದುರೆ ಲಾಳದ ಆಕಾರದ ನೀಲಿ ಫೋಮ್. ಆಪರೇಶನ್ನಿಗೆ ಹಿಂದಿನ ದಿನ ಕೂತು ಕತ್ತರಿಸಿದನಂತೆ. ಕಾಫಿಯ ಲೋಟವನ್ನು ನೆಲದ ಮೇಲಿಟ್ಟು ಉದ್ದ ಸ್ಟ್ರಾ ಕೊಟ್ಟರೆ ಹೀರುತ್ತಾನೆ. ಮೇಲಿನಿಂದ ನನಗೆ ಕಾಣುವುದು ಅವನ ಹಿಂದಲೆ ಮಾತ್ರ. ನೆತ್ತಿಯಲ್ಲಿ ಕೂದಲು ತೆಳುವಾಗಿದೆ. ಗೊತ್ತಿರಲಿಲ್ಲ.

ಬೆಳಿಗ್ಗೆ ಹತ್ತು ಗಂಟೆಗೆ ನಾನು ಅಡುಗೆಮನೆಯಲ್ಲಿದ್ದಾಗ ಏನೋ ಸದ್ದಾಯಿತು. ಬಂದು ನೋಡಿದರೆ ಅವನು ಬೆಂಚಿನಿಂದ ಇಳಿದು, ತಲೆ ತಗ್ಗಿಸಿಕೊಂಡೇ ಗೋಡೆ ಹಿಡಿದು ಮುಂದಿನ ಕೋಣೆಗೆ ಹೊರಟಿದ್ದಾನೆ.

"ಎಲ್ಲಿಗೆ?"

"ಬಂಡೆ ನೋಡ್ಕೊಂಡು ಬರ್ತೀನಿ."

ಆ ಕೋಣೆಯಲ್ಲಿ ಒಂದು ದೊಡ್ಡ ಮೇಜು. ಅದರ ಮೇಲೆ ಅರ್ಧಂಬರ್ಧ ಕಣಿವೆ. ಇವನೂ ಇವನ ಗೆಳೆಯರೂ ಹೆಬ್ಬೆರಳ ಗಾತ್ರದ ಸೈನಿಕರನ್ನಿಟ್ಟುಕೊಂಡು, ದಾಳ ಉರುಳಿಸಿ, ಅಳತೆ ಪಟ್ಟಿ ಹಿಡಿದು ಯುದ್ಧದಾಟ ಆಡುತ್ತಾರೆ. ಐವತ್ತರ ಹತ್ತಿರದ ಗಂಡಸರು! ಏಪ್ರಿಲ್ 6ಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಸಾರ್ವಜನಿಕರ ಮುಂದೆ ಆಡಬೇಕಂತೆ. ಕಣಿವೆಯ ಎರಡೂ ಬದಿಯ ಕಲ್ಲುಗೋಡೆ ಮಾಡುವ ಭಾರ ಇವನದು. ಆಗಿರುವುದು ಏನೂ ಇಲ್ಲ, ಒಂದಷ್ಟು ಫೋಮಿನ ಹಲಗೆ ಮತ್ತು ಬಣ್ಣದ ಡಬ್ಬಿ.

"ಆಟದ ಕಲ್ಲಿಗೆ ಕಣ್ಣು ಕಳ್ಕೋತೀಯಾ?" ಎಂದೆ.

"ಬರೀ ನೋಡ್ತೀನಿ ಅಂದೆ, ಅಕ್ಕ."

ತೋಳು ಹಿಡಿದು ತಂದು ಮಲಗಿಸಿದೆ. ಮಧ್ಯಾಹ್ನ ಇನ್ನೊಮ್ಮೆ ಎದ್ದ. ಸಂಜೆ ತಮ್ಮನ ಹೆಂಡತಿ ಬಂದಾಗ ಹೇಳಿದೆ. ಅವಳು ಚೀಲವನ್ನು ಕೆಳಗಿಡುವ ಮೊದಲೇ, "ಅತ್ತಿಗೆ, ಆ ಬಂಡೆ ಮುಗಿಯೋವರೆಗೂ ಇವರು ಮಲಗಲ್ಲ. ನೀವೇ ಮಾಡ್ಕೊಟ್ಬಿಡಿ" ಎಂದಳು.

"ನಾನಾ? ನಾನು ಎಂ.ಎ. ಮಾಡಿದ್ದು ಸಾಹಿತ್ಯದಲ್ಲಿ ಕಣಮ್ಮ."

"ಅವರು ಹೇಳ್ತಾರೆ, ನೀವು ಕೈ ಆಡಿಸಿ. ಅವರು ಮಲಗಿದ್ರೆ ಸಾಕು ನನಗೆ."


ಮಾರ್ಚ್ 7, ಶುಕ್ರವಾರ

ಹೀಗೆ ನಾನು ಕಲ್ಲು ಮಾಡುವವಳಾದೆ.

ಮೊದಲ ಪಾಠ: ಫೋಮನ್ನು ಕತ್ತರಿಸಬಾರದು, ಮುರಿಯಬೇಕು. ಚಾಕುವಿನಿಂದ ಒಂದು ಗೀರು ಹಾಕಿ ಎರಡೂ ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದರೆ ಒಳಮೈ ಒರಟಾಗಿ ಸಿಗುತ್ತದೆ. ನಾನು ಅಚ್ಚುಕಟ್ಟಾಗಿ ಕತ್ತರಿಸಿದ ಎಂಟು ತುಂಡುಗಳನ್ನು ಬೆಂಚಿನ ತೂತಿನ ಕೆಳಗೆ ಒಂದೊಂದಾಗಿ ಇಟ್ಟೆ. ಕೈ ಇಳಿಬಿಟ್ಟು ಸವರಿ, "ಇದು ಬ್ರೆಡ್ಡು" ಎಂದ. "ಇದೂ ಬ್ರೆಡ್ಡು. ಇದು ಸ್ವಲ್ಪ ಹಳೇ ಬ್ರೆಡ್ಡು."

ನಿಜವಾದ ಕಲ್ಲೇ ಇಟ್ಟರಾಯಿತಲ್ಲ ಎಂದು ಕೆಳಗೆ ಬೀದಿಗೆ ಹೋಗಿ ಚೆಂದದ ಒಂದು ಕಲ್ಲು ಆರಿಸಿ ತಂದೆ. ಅದನ್ನು ಸೈನಿಕನ ಪಕ್ಕ ಇಡಿಸಿ ನಕ್ಕ. "ಈಗ ನೋಡು. ಯುದ್ಧಭೂಮೀಲಿ ಆಲೂಗಡ್ಡೆ." ಹೌದು, ಆಲೂಗಡ್ಡೆಯೇ. ನಿಜವಾದ ಕಲ್ಲು ಅಷ್ಟು ಸಣ್ಣವರ ಪಕ್ಕದಲ್ಲಿ ಕಲ್ಲಿನಂತೆ ಕಾಣುವುದಿಲ್ಲ. ಆಮೇಲೆ ಅವನು ಇಡಿಸಿದ ಇದ್ದಿಲಿನ ಚೂರು ಮಾತ್ರ ಹತ್ತಾಳೆತ್ತರದ ಬಂಡೆಯಂತೆ ನಿಲ್ಲುತ್ತದೆ. ಇದರಲ್ಲಿ ಏನೋ ಇದೆ, ಯೋಚಿಸಬೇಕು.

ಅವನಿಗೆ ವಿವರಿಸುವುದೇ ದೊಡ್ಡ ಕೆಲಸ. ಬಲಗಣ್ಣಿಗೆ ಬಣ್ಣ ತಿಳಿದರೂ ಅದರ ಸಣ್ಣ ಛಾಯೆ ತಿಳಿಯದ್ದರಿಂದ, ಕಲಸಿದ ಬೂದು ಹೇಗಿದೆ ಎಂದು ನನ್ನನ್ನೇ ಕೇಳುತ್ತಾನೆ. "ಮುಸ್ಸಂಜೆ ಕಳೆದು ಕತ್ತಲಿಗೆ ಮುಂಚಿನ ಆಕಾಶದಂಥ ಬೂದು" ಎಂದೆ.

"ಅಕ್ಕ, ಉಪಮೆ ಬೇಡ. ಒದ್ದೆ ಸಿಮೆಂಟಾ, ಒಣ ಸಿಮೆಂಟಾ?"

ಒಣ ಸಿಮೆಂಟು.


ಮಾರ್ಚ್ 8, ಶನಿವಾರ

ಇವನ ಗೆಳೆಯ ಬಂದಿದ್ದರು, ಹಲ್ಲಿನ ಡಾಕ್ಟರು. ಏಪ್ರಿಲ್ 6ರಂದು ಇವನ ಎದುರಾಳಿ ಸೇನಾಪತಿಯೂ ಅವರೇ. ಹಲ್ಲಿನ ಅಚ್ಚು ಎರೆಯುವ ಗಟ್ಟಿ ಜಾತಿಯ ಪ್ಲಾಸ್ಟರ್ ಒಂದು ಚೀಲ, ತುದಿ ಮೊಂಡಾದ ಕೊಕ್ಕೆ ಸಲಾಕೆಗಳು ಒಂದು ಕಟ್ಟು ತಂದರು. ಮಾಮೂಲಿ ಪ್ಲಾಸ್ಟರಿನ ಅಂಚು ಮುಟ್ಟಿದರೆ ಉದುರುತ್ತದೆ, ಇದು ಉದುರುವುದಿಲ್ಲವಂತೆ.

"ಎಷ್ಟು ಜನರ ಬಾಯಲ್ಲಿ ಓಡಾಡಿದ ಸಲಾಕೆ ಇವು ಡಾಕ್ಟ್ರೇ?" ಎಂದು ಕೇಳಿದೆ.

"ಕುದಿಸಿ ತಂದಿದೀನಿ ಅಕ್ಕಾ. ಬಂಡೆಗೆ ಸೋಂಕು ಆಗಲ್ಲ."

ಬೆಂಚಿನ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ಗೆಳೆಯನ ಮುಖಕ್ಕೆ ಮುಖ ಕೊಟ್ಟು ಮಾತಾಡಿದರು. ಆ ವಯಸ್ಸಿನವರು, ಅಷ್ಟು ಹೊಟ್ಟೆ ಇಟ್ಟುಕೊಂಡು. "ಏನೋ, ನಿನ್ನ ಅಕ್ಕ ಮಾಡಿದ ಬೆಟ್ಟ ನಾನು ಹತ್ತಬೇಕಾ?" "ಹತ್ತು ನೋಡೋಣ. ಮೇಲೆ ನನ್ನ ಬಿಲ್ಲುಗಾರರು ಇರ್ತಾರೆ." ಏಳುವಾಗ ನಾನು ಕೈ ಕೊಡಬೇಕಾಯಿತು.

ಅಲ್ಯೂಮಿನಿಯಂ ಹಾಳೆ ಮುದುಡಿ, ಅರ್ಧ ಬಿಡಿಸಿ, ಆ ಸುಕ್ಕಿನ ಮೇಲೆ ಪ್ಲಾಸ್ಟರ್ ಎರೆದೆ. ಅರ್ಧ ಗಂಟೆಯ ನಂತರ ಹಾಳೆ ಸುಲಿದರೆ ಒಳಗಿನಿಂದ ಕಲ್ಲು ಬಂತು. ನಾನು ಎರೆದದ್ದೇ, ಆದರೂ ಎಲ್ಲೋ ಮೊದಲೇ ಇದ್ದದ್ದು ಹೊರಬಂದಂತೆ ಅನಿಸಿತು. ಸಂಜೆಯೊಳಗೆ ಹನ್ನೊಂದು ಕಲ್ಲು. ಕರಡಿನ ಕಟ್ಟು ಬಿಚ್ಚಲಿಲ್ಲ.


ಮಾರ್ಚ್ 10, ಸೋಮವಾರ

ಬಂಡೆಯ ಮೈ ರೂಪುಗೊಳ್ಳುತ್ತಿದೆ. ಒಂದೊಂದೂ ಮೊಳದುದ್ದದ ನಾಲ್ಕು ಹಲಗೆ. ಹಲಗೆಯನ್ನು ಅಂಗಾತ ಮಲಗಿಸಿ, ಫೋಮಿನ ತುಂಡು ಮತ್ತು ಪ್ಲಾಸ್ಟರಿನ ಕಲ್ಲು ಅಂಟಿಸಿ, ಸಂದುಗಳಿಗೆ ಮೆತ್ತುತ್ತೇನೆ. ಆಮೇಲೆ ಹಲಗೆಯನ್ನು ಬೆಂಚಿನ ಕೆಳಗೆ ತಳ್ಳಿದರೆ ಅವನಿಗೆ ಬಂಡೆಯ ಎದುರು ಮುಖ ಪೂರ್ತಿ ಸಿಗುತ್ತದೆ. ಕಲ್ಲಿನ ಪದರಗಳು ಎಲ್ಲ ಹಲಗೆಯಲ್ಲೂ ಒಂದೇ ಕಡೆಗೆ ಓಡಬೇಕು, ಒಂದೇ ಅಚ್ಚಿನ ಕಲ್ಲು ಪಕ್ಕಪಕ್ಕ ಬರಬಾರದು, ಸೈನಿಕರು ನಿಲ್ಲಲು ಅಲ್ಲಲ್ಲಿ ಬೆರಳಗಲದ ಚಾಚು ಇರಬೇಕು. ಅವನು ಬೆರಳಿನಿಂದ ಪದರ ಹಿಡಿದು ಓದುತ್ತಾ ಹೋಗುತ್ತಾನೆ. ತಪ್ಪಿದಲ್ಲಿ ಬೆರಳು ನಿಲ್ಲುತ್ತದೆ. ನಾನು ಕರಡು ಓದುವುದೂ ಹೀಗೆಯೇ.

ಇವತ್ತು ಬೆರಳು ನಿಲ್ಲಿಸಿ ಬೇರೆಯೇ ಮಾತೆತ್ತಿದ. ನೆಲ ನೋಡುತ್ತಾ ಮಾತಾಡುವವನಿಗೆ ಧೈರ್ಯ ಜಾಸ್ತಿ ಎಂದು ಕಾಣುತ್ತದೆ.

"ನಿನಗೆ ಇನ್ನೂ ನನ್ನ ಮೇಲೆ ಕೋಪ."

"ಆ ಕಲ್ಲು ಅಲ್ಲಾಡಿಸಬೇಡ, ಅಂಟು ಹಸಿ ಇದೆ."

"ಅಮ್ಮ ಹೋದ ದಿನ ಬೆಳಿಗ್ಗೆ ನಿನಗೆ ಫೋನ್ ಮಾಡಿ ಕೇಳಿದೆ ತಾನೆ? ಏನಂದೆ ನೀನು?"

"ಚೆನ್ನಾಗಿದಾಳೆ ಅಂದೆ."

"ಅಷ್ಟೇ ಅಕ್ಕ. ನಾನು ಅದನ್ನ ನಂಬಿದೆ."

ಎದ್ದು ಕೈ ತೊಳೆಯಲು ಹೋದೆ. ಮೂರು ವರ್ಷ ಅಮ್ಮನನ್ನು ನೋಡಿಕೊಂಡವಳು ನಾನು. ಕೊನೆಯ ದಿನ ಇವನು ಎಲ್ಲೋ ಒಂದು ಊರಿನ ಪ್ರದರ್ಶನದಲ್ಲಿ ಆಟಿಕೆ ಸೈನಿಕರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಚೆನ್ನಾಗಿದಾಳೆ ಎಂದು ಯಾಕೆ ಹೇಳಿದೆ? ಅವನ ಆಟ ಕೆಡಬಾರದು ಎಂದು. ಗಾಬರಿಯಲ್ಲಿ ಅಷ್ಟು ದೂರ ಗಾಡಿ ಓಡಿಸಿಕೊಂಡು ಬರಬಾರದು ಎಂದು. ನಾಳೆ ಹೇಳಿದರಾಯಿತು ಎಂದು. ಒಡಹುಟ್ಟಿದವನಿಗೆ ನನ್ನ ದನಿಯಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲವೆಂದರೆ ಅದು ಯಾರ ತಪ್ಪು?

ಸಂಜೆ ಕವನ ಓದಿ ಹೇಳು ಎಂದ. ರಾಜಿಯ ಲೆಕ್ಕದಲ್ಲಿ ಇರಬೇಕು. ಎರಡನೇ ಪುಟಕ್ಕೆ ಗೊರಕೆ.


ಮಾರ್ಚ್ 11, ಮಂಗಳವಾರ

ಬಣ್ಣ. ಮೊದಲು ಎಲ್ಲೆಡೆ ಒಣ ಸಿಮೆಂಟು. ಅದು ಆರಿದ ಮೇಲೆ ಕಂದು, ಕಾವಿ, ಕಪ್ಪು, ಮೂರನ್ನೂ ಬೇರೆ ಬೇರೆಯಾಗಿ ನೀರಿನಷ್ಟೇ ತೆಳ್ಳಗೆ ಕಲಸಿ ಅಲ್ಲಲ್ಲಿ ಬಿಡಬೇಕು. ಕೊನೆಗೆ ಬಿಳಿಬೂದು ಬಣ್ಣವನ್ನು ಬ್ರಷ್ಷಿಗೆ ಮುಟ್ಟಿಸಿ, ಬಟ್ಟೆಯಲ್ಲಿ ಮುಕ್ಕಾಲು ಪಾಲು ಒರೆಸಿ, ಉಳಿದ ಪಸೆಯನ್ನು ಉಬ್ಬುಗಳ ಮೇಲೆ ಸವರಬೇಕು. ಹಲಗೆಗಳು ಅಂಗಾತ ಇರುವುದರಿಂದ ಆರಾಮ, ಒಂದು ಹನಿಯೂ ಸೋರಿ ಹೋಗಲಿಲ್ಲ.

ಕಪ್ಪೆ ಎರಡು ಗಂಟೆ ಹೊತ್ತು ತೂತಿನಿಂದ ನೋಡುತ್ತಾ, "ಭೇಷ್, ಭೇಷ್" ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ಅಮ್ಮ ತಮ್ಮನಿಗಿಟ್ಟ ಅಡ್ಡಹೆಸರದು. ಈಗ ಬೆಂಚಿನ ಮೇಲೆ ಕೈಕಾಲು ಹರಡಿ ಬಿದ್ದಿರುವುದನ್ನು ನೋಡಿದರೆ ಅವಳೂ ನಗುತ್ತಿದ್ದಳು.


ಮಾರ್ಚ್ 13, ಗುರುವಾರ

ಹಲ್ಲಿನ ಡಾಕ್ಟರು ಬಂದರು. ಮುಂದಿನ ಕೋಣೆಯಲ್ಲಿ ಇಬ್ಬರೂ ಸೇರಿ ನಾಲ್ಕು ಹಲಗೆಗಳನ್ನು ಎತ್ತಿ, ಕಣಿವೆಯ ಎರಡು ಬದಿಗೆ ನಿಲ್ಲಿಸಿದೆವು. ನಾನು ಎರಡು ಹೆಜ್ಜೆ ಹಿಂದೆ ಬಂದು ನೋಡಿದೆ.

ಏನೋ ಕೆಟ್ಟದಾಗಿತ್ತು. ಏನೆಂದು ಗೊತ್ತಾಗಲಿಲ್ಲ.  ಡಾಕ್ಟರು ಮೇಜಿನ ಸುತ್ತ ಒಮ್ಮೆ ನಡೆದು, ದನಿ ತಗ್ಗಿಸಿ, "ಅಕ್ಕಾ, ಬಣ್ಣ ಹಚ್ಚೋವಾಗ ಇದು ಮಲಗಿತ್ತಾ?" ಎಂದು ಕೇಳಿದರು.

ಆಗ ಕಂಡಿತು. ನಿಂತ ಬಂಡೆಯ ಮೇಲೆ ನೀರು ಇಳಿಯುತ್ತದೆ. ಕಲೆಗಳು ಮೇಲಿನಿಂದ ಕೆಳಕ್ಕೆ ಗೆರೆಯಾಗಿ ಜಾರಿ, ಚಾಚುಗಳ ಅಡಿಯಲ್ಲಿ ಗಾಢವಾಗಬೇಕು. ನನ್ನ ಬಂಡೆಯಲ್ಲಿ ತೆಳುಬಣ್ಣವೆಲ್ಲ ತಗ್ಗುಗಳಲ್ಲಿ ದುಂಡಗೆ ನಿಂತು ಒಣಗಿದೆ. ಬೆಳಕೂ ಹಾಗೇ. ಚಾಚಿನ ನೆತ್ತಿ ಬೆಳ್ಳಗಿದ್ದು ಹೊಟ್ಟೆ ಕಪ್ಪಗಿರಬೇಕಾದಲ್ಲಿ ಎರಡಕ್ಕೂ ಒಂದೇ ಬಿಳಿಬೂದು ಸವರಿದ್ದೇನೆ. ಮಲಗಿದ್ದಾಗ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಮಲಗಿದ್ದ ಬಂಡೆಯನ್ನು ಮಲಗಿದ್ದವನು ನೋಡಿ ಭೇಷ್ ಎಂದ, ನಾನು ಅದರ ಮೇಲೆ ಬಗ್ಗಿಕೊಂಡು ಹೂಂ ಎಂದೆ.

"ಅವನಿಗೆ ಹೇಳ್ಬೇಡಿ" ಎಂದರು ಡಾಕ್ಟರು. "ಹೇಳಿದ್ರೆ ಎದ್ದು ಬರ್ತಾನೆ. ಇನ್ನು ನಾಲ್ಕೇ ದಿನ."

ಒಳಗಿನಿಂದ ಕೂಗಿದ: "ಅಕ್ಕಾ, ನಿಲ್ಲಿಸಿದ್ರಾ? ಹೇಗಿದೆ?"

"ಚೆನ್ನಾಗಿದೆ" ಎಂದೆ.


ಮಾರ್ಚ್ 14, ಶುಕ್ರವಾರ

ಇವತ್ತು ಏಳು ಸಲ ಕೇಳಿದ. ಕಣಿವೆಯ ಬಾಯಿಂದ ನೋಡಿದರೆ ಹೇಗೆ, ಕಿಟಕಿಯ ಬೆಳಕಿಗೆ ಹೇಗೆ, ಚಾಚುಗಳು ಎದ್ದು ಕಾಣುತ್ತವಾ. ಚೆನ್ನಾಗಿದೆ, ಚೆನ್ನಾಗಿದೆ, ಕಾಣುತ್ತವೆ. ಒಂದು ಸಲವೂ ಅನುಮಾನ ಪಡಲಿಲ್ಲ. "ಸರಿ ಬಿಡು, ನೀನು ಹೇಳಿದ ಮೇಲೆ ಇನ್ನೇನು" ಎಂದು ನಿರಾಳವಾಗಿ ಮಲಗಿದ.

ನನ್ನ ದನಿ ನನಗೇ ಕೇಳುತ್ತಿತ್ತು. ಅದರಲ್ಲಿ ಏನೂ ತಿಳಿಯುವಂತಿರಲಿಲ್ಲ. ಎಷ್ಟು ಸರಾಗವಾಗಿ ಹೇಳುತ್ತೇನೆ!

ಕರಡು ಬಿಚ್ಚಿದೆ. ಹದಿನಾರು ಪುಟ ಓದಿದ್ದಾಯಿತು, ಒಂದು ತಪ್ಪೂ ಸಿಗಲಿಲ್ಲ. ನಾಳೆ ಮತ್ತೆ ಮೊದಲಿಂದ ಓದಬೇಕು.


ಮಾರ್ಚ್ 15, ಶನಿವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಸ್ಟ್ರಾ ಅವನ ಬಾಯಿಗೆ ಸಿಗುವಂತೆ ತಿರುಗಿಸಿ, ನೆಲದ ಮೇಲೇ ಕೂತೆ. ತಮ್ಮನ ಹೆಂಡತಿಗೆ ಇವತ್ತು ರಜೆ. ಒಗೆದ ಬಟ್ಟೆ ಮಡಚುತ್ತಿದ್ದಳು.

"ಬಂಡೆ ಚೆನ್ನಾಗಿಲ್ಲ ಕಣೋ."

"ಯಾವುದು?"

"ಎಲ್ಲಾ. ನಿಲ್ಲಿಸಿದ ಮೇಲೆ ಕೆಟ್ಟದಾಗಿ ಕಾಣ್ತಿದೆ. ಮೊನ್ನೇನೇ ಗೊತ್ತಾಯ್ತು. ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ."

ಅವನ ಎರಡೂ ಕೈ ಬೆಂಚಿನ ಅಂಚನ್ನು ಹಿಡಿದವು. ಕತ್ತಿನ ನರ ಬಿಗಿಯಿತು. ತಮ್ಮನ ಹೆಂಡತಿ ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದು ನಿಂತಳು. ನಾನೂ ಎದ್ದೆ.  ಹದಿಮೂರು ದಿನ ಕಾದದ್ದು, ಈಗ ನನ್ನ ಒಂದು ಮಾತಿಗೆ ಹೋಗುತ್ತದೆ ಎನಿಸಿತು.

ಅವನು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಸಡಿಲವಾಯಿತು.

"ಹೇಗೆ ಕಾಣ್ತಿದೆ, ಸರಿಯಾಗಿ ಹೇಳು. ಬೇಕಾದ್ರೆ ಉಪಮೆ ಹಾಕು."

"ಮಳೆ ನಿಂತ ಮೇಲೆ ಗುಂಡಿಬಿದ್ದ ರಸ್ತೇನ ಎತ್ತಿ ಗೋಡೆಗೆ ಒರಗಿಸಿದ ಹಾಗೆ."

ಬೆನ್ನು ಕುಲುಕತೊಡಗಿತು. ಅಳುತ್ತಿದ್ದಾನೆಂದುಕೊಂಡೆ. ನಗುತ್ತಿದ್ದ. "ರೀ, ನಗಬೇಡಿ, ತಲೆ ಅಲ್ಲಾಡ್ತಿದೆ!" ಎಂದು ಅವನ ಹೆಂಡತಿ ಓಡಿ ಬಂದು ಹಿಂದಲೆ ಹಿಡಿದುಕೊಂಡಳು.

"ಮಲಗಿಸಿ ಹಚ್ಚಿದೀವಿ" ಎಂದ.

"ನೀನೇ ಮಲಗಿಸು ಅಂದೆ."

"ನಾನು ಮಲಗಿದ್ನಲ್ಲ, ಲೋಕವೆಲ್ಲಾ ಮಲಗಿದೆ ಅಂದ್ಕೊಂಡೆ." ಮತ್ತೆ ನಕ್ಕ.  ಕಾಫಿ ಹೀರಿದ ಸದ್ದು. "ಅಕ್ಕ, ಅವತ್ತೂ ಫೋನಲ್ಲಿ ಹೀಗೇ ಹೇಳಿದ್ರೆ ಬರ್ತಿದ್ದೆ."

"ಗೊತ್ತು" ಎಂದೆ.

ಬೂದು ಬಣ್ಣ ಎಷ್ಟು ಉಳಿದಿದೆ ಎಂದು ಕೇಳಿದ. ಡಬ್ಬಿ ತಂದು ಅಲ್ಲಾಡಿಸಿ ತೋರಿಸಿದೆ. ಅರ್ಧ ಇತ್ತು, ನಾಲ್ಕು ಹಲಗೆಗೆ ಸಾಕು.

ಮಧ್ಯದ ಬಾಗಿಲು ಪೂರ್ತಿ ತೆರೆದಿಟ್ಟು ಕೆಲಸ ಹಿಡಿದೆವು. ಹಲಗೆಗಳು ನಿಂತೇ ಇದ್ದವು, ಅವನು ಮಲಗಿಯೇ ಇದ್ದ. ಹಳೆಯದೆಲ್ಲ ಮುಚ್ಚುವಂತೆ ಬೂದು ಹಚ್ಚಿ, ಅದು ಆರುವವರೆಗೆ ಊಟ ಮಾಡಿದೆವು. ಆಮೇಲೆ ಬಂಡೆಯ ನೆತ್ತಿಗೆ ನೀರು ಚಿಮುಕಿಸಿ ಕಂದು ನೀರನ್ನು ಒಂದೊಂದೇ ಹನಿ ಬಿಟ್ಟೆ. ಅವನಿಗೆ ಏನೂ ಕಾಣುವಂತಿರಲಿಲ್ಲ. ಆಗಿದ್ದನ್ನು ಆದ ಹಾಗೇ ಕೂಗಿ ಹೇಳುತ್ತಾ ಹೋದೆ. ಎರಡನೇ ಚಾಚಿನವರೆಗೆ ಇಳಿಯಿತು. ಅಂಚಿನಲ್ಲಿ ನಿಂತಿದೆ. ಈಗ ಕೆಳಗೆ ತಿರುಗಿತು. ಎಡಕ್ಕೆ ಒಂದು ಬೆರಳು ಹೋಗಿ ಮತ್ತೆ ನೇರ ಇಳಿಯುತ್ತಿದೆ. ಚಾಚಿನ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತಿದೆ. ತುದಿ ಒದ್ದೆ ಸಿಮೆಂಟು, ಮೇಲೆ ಒಣ ಸಿಮೆಂಟು.

"ಮುಟ್ಟಬೇಡ, ಬಿಡು" ಎಂದ. "ಅದಕ್ಕೆ ದಾರಿ ಗೊತ್ತು."

ಕೊನೆಗೆ ಒಣ ಬ್ರಷ್ಷನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಎಳೆದೆ. ಕೆಳಗಿನಿಂದ ಮೇಲಕ್ಕೆ ಒಮ್ಮೆಯೂ ಇಲ್ಲ. ಐದು ಗಂಟೆಗೆ ಒಂದು ಬದಿ ಮುಗಿಯಿತು.

"ಹೇಗಿದೆ?"

 ಬಾಗಿಲ ಹತ್ತಿರ ನಿಂತು ನೋಡಿದೆ, ಕಣಿವೆಯ ಬಾಯಿಂದ ನೋಡಿದೆ, ಮಂಡಿಯೂರಿ ಸೈನಿಕನ ಎತ್ತರಕ್ಕೆ ಇಳಿದು ನೋಡಿದೆ.

"ಮೂರನೇ ಚಾಚಿನ ಕೆಳಗೆ ಕಪ್ಪು ಸ್ವಲ್ಪ ಜಾಸ್ತಿ ಆಯ್ತು. ಉಳಿದದ್ದು ಕಲ್ಲು."

"ಕಲ್ಲಿನ ಹಾಗಿದೆ ಅಂತಾನಾ?"

"ಕಲ್ಲು ಅಂತ."


ಮಾರ್ಚ್ 16, ಭಾನುವಾರ

ಇನ್ನೊಂದು ಬದಿಯೂ ಆಯಿತು. ಕೈಗೆ ಅಂಟಿದ ಬಣ್ಣ ಹೋಗುತ್ತಿಲ್ಲ.

ತಮ್ಮನ ಹೆಂಡತಿ ಅಮ್ಮನ ಕೊನೆಯ ತಿಂಗಳುಗಳ ಬಗ್ಗೆ ಕೇಳಿದಳು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಹೇಳಿದೆ. ಕಪ್ಪೆಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ. ಮಧ್ಯೆ ಒಮ್ಮೆ, "ಆ ಹಸಿರು ಶಾಲು ಏನಾಯ್ತು?" ಎಂದು ಅವನೇ ಕೂಗಿ ಕೇಳಿದ. ನನ್ನ ಮನೆಯಲ್ಲಿದೆ ಎಂದೆ.


ಮಾರ್ಚ್ 17, ಸೋಮವಾರ

ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದೆವು. ಕಾರಿನಲ್ಲಿ ಹಣೆಯನ್ನು ಮುಂದಿನ ಸೀಟಿಗೆ ಒತ್ತಿಕೊಂಡೇ ಕೂತಿದ್ದ. ಪರದೆ ನಿಂತಿದೆಯಂತೆ. ಇನ್ನು ತಲೆ ಎತ್ತಬಹುದು, ಅಂಗಾತ ಮಾತ್ರ ಮಲಗಬಾರದು. ಗುಳ್ಳೆ ತಾನಾಗಿಯೇ ಕರಗಬೇಕು. ಅಲ್ಲಿಯವರೆಗೆ ಆ ಕಣ್ಣಿಗೆ ಕಾಣುವುದು ನೀರಿನೊಳಗಿಂದ ಕಂಡ ಹಾಗೆ. ಕರಗಿದ ಮೇಲೆ ಎಷ್ಟು ನೋಟ ಉಳಿದಿರುತ್ತದೆ? ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತಾ, "ಪರದೆ ಕೂರಿಸೋದು ನಮ್ಮ ಕೆಲಸ. ನೋಡೋದು ಅದರ ಕೆಲಸ" ಎಂದರು.

ಮನೆಗೆ ಬಂದವನು ನೇರ ಬಂಡೆಯ ಕೋಣೆಗೆ ಹೋಗುತ್ತಾನೆ ಎಂದುಕೊಂಡಿದ್ದೆ. ಬಾಗಿಲವರೆಗೆ ಹೋಗಿ ತಿರುಗಿ ಬಂದ.

"ಈಗ ಬೇಡ. ಈ ಬಲಗಣ್ಣಲ್ಲಿ ನೋಡಿ ಹಾಳು ಮಾಡ್ಕೊಳ್ಳಲ್ಲ. ಆ ಕಣ್ಣು ಬರಲಿ."

ಅದು ಬಾರದಿದ್ದರೆ ಎಂದು ಯಾರೂ ಕೇಳಲಿಲ್ಲ. ಅವನ ಹೆಂಡತಿ ಮೇಜಿಗೆ ಒಂದು ಹಳೆಯ ಹಾಸುಬಟ್ಟೆ ಹೊದಿಸಿದಳು.


ಮಾರ್ಚ್ 23, ಭಾನುವಾರ

ಇನ್ನೂ ಇಲ್ಲೇ ಇದ್ದೇನೆ. ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು, ಹಗಲು ಹಾಕುವವರು ಯಾರು? ಕರಡು ಮುಗಿಸಿ ಕಳಿಸಿದೆ.

ಬೆಳಿಗ್ಗೆ ಬಸ್ ನಿಲ್ದಾಣದ ಹಿಂದಿನ ತಡೆಗೋಡೆಯಲ್ಲಿ ನೀರು ಇಳಿದ ಕಲೆಗಳನ್ನು ನೋಡುತ್ತಾ ನಿಂತುಬಿಟ್ಟೆ. ಕಂದು ಮೊದಲು, ಅದರ ಮೇಲೆ ಕಪ್ಪು, ಅಂಚಿನಲ್ಲಿ ಒಂದು ಬೆರಳಗಲ ಹಸಿರು. ನಮ್ಮ ಬಂಡೆಗೆ ಹಸಿರು ಹಾಕಿಲ್ಲ. ಕೇಳಬೇಕು.


ಮಾರ್ಚ್ 29, ಶನಿವಾರ

ಗುಳ್ಳೆ ಈಗ ಕಡಲೆಕಾಳಿನಷ್ಟಿದೆಯಂತೆ; ಕಣ್ಣೊಳಗೆ ಮೇಲೆಯೇ ಇದ್ದರೂ ಅವನಿಗೆ ನೋಟದ ಕೆಳತುದಿಯಲ್ಲಿ ತೇಲಿದಂತೆ ಕಾಣುತ್ತದೆ. ತಲೆ ಆಡಿಸಿದರೆ ಅದೂ ಆಡುತ್ತದೆ. ಅದರ ಮೇಲ್ಗಡೆಯದೆಲ್ಲ ಕಾಣುತ್ತಾ ಎಂದು ಕೇಳಿದರೆ, "ಇನ್ನೂ ಕೇಳ್ಬೇಡ" ಎನ್ನುತ್ತಾನೆ. ಕಚೇರಿಯಿಂದ ಫೋನು ಬಂದರೆ ತೆಗೆಯುವುದಿಲ್ಲ.

ನಾನು ಕೇಳುತ್ತಿಲ್ಲ. ಅವನ ಹೆಂಡತಿಯೂ ಕೇಳುತ್ತಿಲ್ಲ. ಮೂವರೂ ಹವಾಮಾನದ ಬಗ್ಗೆ ಬಹಳ ಮಾತಾಡುತ್ತೇವೆ.


ಏಪ್ರಿಲ್ 6, ಭಾನುವಾರ

ಗ್ರಂಥಾಲಯದ ಸಭಾಂಗಣ. ಎತ್ತರದ ಕಿಟಕಿಗಳು, ಎಡಬದಿಯಿಂದ ಬೆಳಕು. ಎಂಟು ಗಂಟೆಗೇ ಹೋಗಿ ಹಲಗೆಗಳನ್ನು ಜೋಡಿಸಿದೆವು. ಹಲ್ಲಿನ ಡಾಕ್ಟರು ತಮ್ಮ ಸೈನಿಕರನ್ನು ಕಣಿವೆಯ ಬಾಯಲ್ಲಿ ನಿಲ್ಲಿಸಿ, ಬಂಡೆಯನ್ನು ತಲೆ ಓರೆ ಮಾಡಿ ನೋಡಿದರು. "ಅಕ್ಕಾ, ಇದನ್ನ ಹತ್ತೋಕೆ ನಮ್ಮವರಿಗೆ ಆಗಲ್ಲ. ಈಗ್ಲೇ ಶರಣಾಗಲಾ?"

ತಮ್ಮ ಬಾಗಿಲ ಬಳಿ ನಿಂತಿದ್ದ. ಗುಳ್ಳೆ ಹೋಗಿ ನಾಲ್ಕು ದಿನವಾಗಿದೆ. ನಾಲ್ಕು ದಿನದಿಂದ ಒಂದು ಪುಸ್ತಕ ತೆರೆದಿಲ್ಲ, ಒಂದು ನಕ್ಷೆ ಬಿಚ್ಚಿಲ್ಲ. ಎರಡೂ ಕಣ್ಣು ಬಿಟ್ಟುಕೊಂಡು ಮನೆಯಲ್ಲಿ ಸುಮ್ಮನೆ ಓಡಾಡುತ್ತಿದ್ದ.

ಮೇಜಿನ ಹತ್ತಿರ ಬಂದ. ಮೊದಲಿಂದಲೂ ಹತ್ತಿರದ್ದನ್ನು ಕನ್ನಡಕ ತೆಗೆದೇ ನೋಡುವವನು. ತೆಗೆದು ಹೆಂಡತಿಯ ಕೈಗೆ ಕೊಟ್ಟ. ಎಡಗಣ್ಣೊಂದನ್ನೇ ಬಿಟ್ಟು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಬಗ್ಗಿ, ಮೂಗು ಬಂಡೆಗೆ ತಾಗುವಷ್ಟು ಹತ್ತಿರ ಹೋದ.

ಹಾಗೇ ಎಡದಿಂದ ಬಲಕ್ಕೆ ಪದರದ ಉದ್ದಕ್ಕೂ ಸರಿದ. ಮೊದಲ ಹಲಗೆ ಮುಗಿಯಿತು. ಎರಡನೆಯದು. ಅವನ ಹೆಂಡತಿ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು. ಡಾಕ್ಟರು ಕೈಯಲ್ಲಿದ್ದ ದಾಳ ಉರುಳಿಸುವುದನ್ನು ನಿಲ್ಲಿಸಿದರು. 

ಒಂದು ಚಾಚಿನ ಎದುರು ನಿಂತ. ಬಹಳ ಹೊತ್ತು ಅಲ್ಲೇ ಇದ್ದ.

"ಅಕ್ಕ."

"ಹೇಳೋ."

"ಬ್ರಷ್ಷಿನ ಕೂದಲು ಒಂದು ಬಣ್ಣದಲ್ಲಿ ಅಂಟಿಕೊಂಡಿದೆ. ತೆಗೀಬಾರ್ದಾ?"

"ಎಲ್ಲಿ?"

"ಇಲ್ಲಿ. ಚಾಚಿನ ಕೆಳಗೆ, ಅಡ್ಡಡ್ಡ."

ಹತ್ತಿರ ಹೋಗಿ ನೋಡಿದೆ. ನನಗೆ ಕಾಣಲಿಲ್ಲ. ಚೀಲದಿಂದ ಓದುವ ಕನ್ನಡಕ ಹುಡುಕಿ, ಹಾಕಿಕೊಂಡು ನೋಡಿದೆ.

ಇತ್ತು.